ಹೊಸ ಕ್ಲಚ್‌ಗೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕೇ ಸರಿ

ಗ್ಯಾರೇಜಿನ ಬಿಲ್ ಕೈಗೆ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಕೂಲಿಯ ಸಾಲಿಗೆ. ಈಚೆಗೆ ನನ್ನ ಅಬಾರ್ಥ್ ಪುಂಟೊಗೆ ಹೊಸ ಕ್ಲಚ್ ಹಾಕಿಸಿದೆ. ಒಟ್ಟು ಐವತ್ತು ಸಾವಿರದ ಆಸುಪಾಸು. ಅದರಲ್ಲಿ ಮೂರನೇ ಒಂದು ಪಾಲು ಬರೀ ಗೇರ್‌ಬಾಕ್ಸ್ ಇಳಿಸಿ ಮತ್ತೆ ಏರಿಸಿದ್ದಕ್ಕೆ. ಊಟದ ತಟ್ಟೆಗಿಂತ ಚಿಕ್ಕದಾದ ಒಂದು ಬಿಲ್ಲೆ ಸವೆದರೆ ಅರ್ಧ ಕಾರನ್ನೇ ಬಿಚ್ಚಬೇಕು.

ಹಣಕಾಸಿನ ಅಂಕಣ ಬರೆಯುವವನು ಇಂಥ ಕಾರು ಇಟ್ಟುಕೊಳ್ಳಬಹುದೇ ಎಂದು ಗೆಳೆಯರು ಕಾಲೆಳೆಯುತ್ತಾರೆ. ಇರಲಿ. 2015ರಲ್ಲಿ ಇದು ಮಾರುಕಟ್ಟೆಗೆ ಬಂದಾಗ ಬೆಲೆ ಹತ್ತು ಲಕ್ಷದ ಹತ್ತಿರವಿತ್ತು. ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್. 1.4 ಲೀಟರ್ ಟರ್ಬೊ ಎಂಜಿನ್, 145 ಅಶ್ವಶಕ್ತಿ, 212 ನ್ಯೂಟನ್ ಮೀಟರ್ ಟಾರ್ಕ್. ಮಾಮೂಲಿ 1.2 ಪೆಟ್ರೋಲ್ ಪುಂಟೊದ ಟಾರ್ಕ್ 96. ಕ್ಲಚ್ ಹೊರಬೇಕಾದ್ದು ಈ ಟಾರ್ಕನ್ನೇ.

ಈ ಖರ್ಚಿಗೆ ವಿಮೆ ಒದಗುವುದಿಲ್ಲ. ಕಾಂಪ್ರಹೆನ್ಸಿವ್ ಪಾಲಿಸಿಯೂ ಸವೆತವನ್ನು ಹೊರಗಿಟ್ಟಿರುತ್ತದೆ. ಝೀರೊ ಡೆಪ್ರಿಸಿಯೇಶನ್ ಇದೆಯಲ್ಲ ಎಂದರೆ, ಅದು ಅಪಘಾತದ ಕ್ಲೇಮಿನಲ್ಲಿ ಬಿಡಿಭಾಗಗಳ ಬೆಲೆ ಕಡಿತವಾಗದಂತೆ ನೋಡಿಕೊಳ್ಳುವುದಷ್ಟೇ. ಸಮಾಧಾನಕ್ಕೆ ಒಂದಿದೆ: 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 25 ಸಾವಿರದ ಕಿಟ್ ಆದರೆ 2,500 ರೂಪಾಯಿ ಮಿಕ್ಕಿತು.

ಆ ಮಿಕ್ಕಿದ್ದನ್ನು ನಾನು ಅಲ್ಲೇ ಸುರಿದೆ. ಗೇರ್‌ಬಾಕ್ಸ್ ಹೇಗೂ ಕೆಳಗಿಳಿದಿದೆ. ಪ್ಲೇಟ್, ಪ್ರೆಷರ್ ಪ್ಲೇಟ್ ಜತೆ ರಿಲೀಸ್ ಬೇರಿಂಗನ್ನೂ ಹೊಸದು ಹಾಕಿಸಬೇಕು, ಫ್ಲೈವೀಲ್ ಮೇಲ್ಮೈಯನ್ನು ನೋಡಿಸಬೇಕು. ಕ್ರ್ಯಾಂಕ್ ಹಿಂಬದಿಯ ಆಯಿಲ್ ಸೀಲನ್ನಂತೂ ಮರೆಯಬಾರದು. ಕಡಿಮೆ ದುಡ್ಡಿನ ಆ ರಬ್ಬರ್ ಬಳೆ ಆರು ತಿಂಗಳಿಗೆ ಸೋರಿ ಪ್ಲೇಟಿಗೆ ಎಣ್ಣೆ ತಾಗಿತೋ, ಪ್ಲೇಟೂ ಹೋಯಿತು, ಕೂಲಿಯೂ ಇನ್ನೊಮ್ಮೆ.

ಕೀಲಿ ಕೈಗಿಡುವಾಗ ಮೆಕ್ಯಾನಿಕ್ ಹೇಳಿದ್ದು ಇಷ್ಟೇ: ‘ಸಾರ್, ಒಂದು ಸಾವಿರ ಕಿಲೋಮೀಟರ್ ಜೋರು ಮಾಡ್ಬೇಡಿ.’ ನಮ್ಮ ಭಾವನವರು ಇದನ್ನು ಕೇಳಿ, ‘ಹುಬ್ಬಳ್ಳಿಗೆ ಹೋಗಿ ಬಾ, ಎಂಟುನೂರು ಅಲ್ಲೇ ಆಗುತ್ತೆ’ ಅಂದರು. ಆಗುವುದೇನೋ ನಿಜ, ಮೀಟರಿನಲ್ಲಿ. ಕ್ಲಚ್ಚಿನ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಸೊನ್ನೆ. ತುಮಕೂರು ದಾಟಿ ಐದನೇ ಗೇರಿಗೆ ಬಿದ್ದ ಮೇಲೆ ಪ್ಲೇಟು, ಫ್ಲೈವೀಲು ಒಂದನ್ನೊಂದು ಕಚ್ಚಿಕೊಂಡು ಒಟ್ಟಿಗೇ ತಿರುಗುತ್ತಿರುತ್ತವೆ, ಉಜ್ಜಿಕೊಳ್ಳುವುದೇ ಇಲ್ಲ. ಅವು ಪಳಗುವುದು ಉಜ್ಜಿಕೊಂಡಾಗ ಮಾತ್ರ. ಹೊಸ ಪ್ಲೇಟು ಎಷ್ಟೇ ನುಣುಪಾಗಿ ಕಂಡರೂ ಮೊದಮೊದಲು ಅಲ್ಲೊಂದು ಇಲ್ಲೊಂದು ಉಬ್ಬು ಮಾತ್ರ ಫ್ಲೈವೀಲಿಗೆ ತಾಗುತ್ತದೆ. ಆಗ ಪೂರ್ತಿ ಆಕ್ಸಿಲರೇಟರ್ ತುಳಿದರೆ ಇಡೀ ಭಾರ ಆ ಕೆಲವೇ ಜಾಗಗಳ ಮೇಲೆ ಬೀಳುತ್ತದೆ. ಅವು ಕಾದು, ಗಾಜಿನ ಹಾಗೆ ಹೊಳಪುಗಟ್ಟಿ, ಹಿಡಿತ ಬಿಡುತ್ತವೆ. ಆಮೇಲೆ ಮೊದಲ ಗೇರಿನಲ್ಲಿ ಕಾರು ನಡುಗುತ್ತಾ ಹೊರಡುತ್ತದೆ.

ಹಾಗಾಗಿ ಹೊಸ ಕ್ಲಚ್‌ಗೆ ಬೇಕಾದದ್ದು ನಿಂತು ನಿಂತು ಹೊರಡುವ ರಸ್ತೆ. ಬೆಂಗಳೂರಿನವರಿಗೆ ಅದಕ್ಕೇನು ಬರ! ನಾನು ಬೇಕೆಂದೇ ಆಫೀಸಿಗೆ ಸಿಲ್ಕ್ ಬೋರ್ಡ್ ಮೇಲೇ ಹೋದೆ. ಕಡಿಮೆ ಆರ್‌ಪಿಎಂನಲ್ಲಿ ಮೆಲ್ಲಗೆ ಹೊರಡುವುದು, ಪೆಡಲಿನಿಂದ ಕಾಲನ್ನು ಪೂರ್ತಿ ತೆಗೆಯುವುದು, ಫ್ಲೈಓವರ್ ಏರಿನಲ್ಲಿ ಹಾಫ್ ಕ್ಲಚ್ ಮೇಲೆ ನಿಲ್ಲದೆ ಹ್ಯಾಂಡ್‌ಬ್ರೇಕ್ ಎಳೆಯುವುದು. ಟ್ರಾಫಿಕ್ ಇಂಚಿಂಚೇ ತೆವಳತೊಡಗಿದರೆ ಮಾತ್ರ ನ್ಯೂಟ್ರಲ್‌ಗೆ ಹಾಕಿ, ಮುಂದೆ ಒಂದಿಷ್ಟು ಜಾಗ ಬಿಡುವವರೆಗೆ ಕಾಯುತ್ತಿದ್ದೆ. ಹಿಂದಿನವರ ಹಾರ್ನ್ ಪುಕ್ಕಟೆ. ಟರ್ಬೊ ಕಾರಿಗೆ ಇನ್ನೊಂದು ಸೂಕ್ಷ್ಮವಿದೆ. ಇದರ ಪೂರ್ತಿ ಟಾರ್ಕ್ 2,000 ಆರ್‌ಪಿಎಂಗೇ ಬಂದುಬಿಡುತ್ತದೆ. ನಾಲ್ಕನೇ ಗೇರಿನಲ್ಲಿ ಸುಮ್ಮನೆ ಹೋಗುತ್ತಿದ್ದವರು ಓವರ್‌ಟೇಕ್ ಮಾಡಲು ಒಮ್ಮೆಲೇ ತುಳಿದರೂ ಸಾಕು. ಎಂಜಿನ್ ಅರಚದೇ ಇದ್ದರೂ ಕ್ಲಚ್ಚಿನ ಮೇಲೆ ಭಾರ ಪೂರ್ತಿ ಬಿದ್ದಿರುತ್ತದೆ.

ಇದನ್ನೆಲ್ಲ ಹಣದ ಅಂಕಣದಲ್ಲಿ ಬರೆಯುವುದಕ್ಕೆ ಕಾರಣವಿದೆ. ಐವತ್ತು ಸಾವಿರದ ಕ್ಲಚ್ 80,000 ಕಿಲೋಮೀಟರ್ ಬಾಳಿದರೆ ಕಿಲೋಮೀಟರಿಗೆ 62 ಪೈಸೆಯ ಚಿಲ್ಲರೆ ಖರ್ಚು. 20,000ಕ್ಕೇ ಕೈಕೊಟ್ಟರೆ ಎರಡೂವರೆ ರೂಪಾಯಿ. ಪೆಟ್ರೋಲ್ ಬಂಕಿನಲ್ಲಿ ಲೀಟರಿಗೆ ಐವತ್ತು ಪೈಸೆ ಏರಿದರೆ ಗೊಣಗುವವರು ಈ ಲೆಕ್ಕ ಮಾಡಿದ್ದನ್ನು ನಾನು ಕಂಡಿಲ್ಲ.

ಸಾವಿರ ಕಿಲೋಮೀಟರ್ ಮುಗಿದ ಮೇಲೆ ಖಾಲಿ ರಸ್ತೆಯಲ್ಲಿ ಟಾಪ್ ಗೇರಿಗೆ ಹಾಕಿ ಒಮ್ಮೆ ಒತ್ತಿದೆ. ಆರ್‌ಪಿಎಂ ಮುಳ್ಳು ಮಾತ್ರ ಹಾರಿ ವೇಗ ಹಿಂದುಳಿದರೆ ಕ್ಲಚ್ ಜಾರುತ್ತಿದೆ ಎಂದರ್ಥ. ನನ್ನದರಲ್ಲಿ ಎರಡೂ ಜತೆಯಾಗಿ ಏರಿದವು. ಈಗ ಗೆಳೆಯರ ಹೊಸ ವರಾತ, ರೀಮ್ಯಾಪ್ ಮಾಡಿಸು ಅಂತ. ಎಂಜಿನ್ನಿನ ಸಾಫ್ಟ್‌ವೇರ್ ತಿದ್ದಿದರೆ ಟಾರ್ಕ್ ಏರುತ್ತದೆ, ಕ್ಲಚ್ ಮಾತ್ರ ಅದೇ. ತಾಳದಿದ್ದರೆ ಇನ್ನೂ ಬಿಗಿಯಾದ ಕ್ಲಚ್ ಬೇಕು. ರೇಸಿನವರು ಹಾಕುವ ಸೆರಾಮಿಕ್ ಪ್ಲೇಟು ಹಿಡಿದರೆ ಒಮ್ಮೆಗೇ ಹಿಡಿಯುತ್ತದೆ. ಅದನ್ನಿಟ್ಟುಕೊಂಡು ಮಾರತ್ತಹಳ್ಳಿ ದಾಟುವುದು ಶಿಕ್ಷೆ. ರೀಮ್ಯಾಪಿನ ಬೆಲೆಗೆ ಆ ಕ್ಲಚ್ಚಿನ ಬೆಲೆ, ಮತ್ತೊಂದು ಸಲದ ಕೂಲಿ ಕೂಡಿಸಿ ನೋಡಿದೆ. ಆ ದುಡ್ಡಿಗೆ ನಾಲ್ಕು ಒಳ್ಳೆಯ ಟೈರ್ ಬರುತ್ತವೆ, ಮಿಕ್ಕಿದ್ದರಲ್ಲಿ ಮುಂದಿನ ವರ್ಷದ ವಿಮೆಯನ್ನೂ ಕಟ್ಟಬಹುದು. ಟೈರಿಗೆ ಹೇಳಿಟ್ಟಿದ್ದೇನೆ.