ನಾಂಪಲ್ಲಿಯಿಂದ ಸನ್ನತಿಗೆ

ಬೌದ್ಧಕ್ಷೇತ್ರಗಳ ದರ್ಶನಕ್ಕಾಗಿ ಬುದ್ಧಗಯೆ, ಸಾರನಾಥಗಳವರೆಗೆ ಹೋಗಲು ಎಲ್ಲರಿಗೂ ಹಣವೊದಗದು. ನಮ್ಮ ನಗರದ ವಿದ್ಯಾರ್ಥಿಯು ನಾಂಪಲ್ಲಿ ನಿಲ್ದಾಣದಲ್ಲಿ ಸಾಮಾನ್ಯ ದರ್ಜೆಯ ಟಿಕೆಟು ಕೊಂಡು, ವಿಕಾರಾಬಾದು, ತಾಂಡೂರುಗಳ ಮಾರ್ಗವಾಗಿ ವಾಡಿಯಲ್ಲಿಳಿದು, ನಾಲವಾರದ ಮೇಲಿಂದ ಭೀಮಾತೀರದ ಸನ್ನತಿಯನ್ನು ಸೇರಬಹುದು. ಬುತ್ತಿಗೆ ಜೋಳದ ರೊಟ್ಟಿಯೂ ಶೇಂಗಾ ಹಿಂಡಿಯೂ ಸಾಕು.

ಇಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ಗುಡಿಯೊಂದಿತ್ತು. 1986ರಲ್ಲಿ ಅದರ ಛಾವಣಿ ಕುಸಿಯಿತು. ಆಗ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನವು ಕಂಡುಬಂದಿತು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಮೂರ್ತಿಯನ್ನು ನಿಲ್ಲಿಸಲು ನಡುವೆ ಕೊರೆದ ಕುಳಿಯಿಂದ ಹಲವು ಅಕ್ಷರಗಳು ನಷ್ಟವಾಗಿವೆ. ಆದರೂ ಕೊರೆದವರನ್ನು ನಿಂದಿಸಲಾಗದು. ತಾವು ಓದಲಾರದ ಕಲ್ಲನ್ನು ಅವರು ಪೂಜಾಸ್ಥಾನದಲ್ಲಿರಿಸಿದುದರಿಂದಲೇ ಅದು ಉಳಿಯಿತೆನ್ನಬೇಕು. ಅದರ ಮೇಲೆ ಹನ್ನೆರಡನೆಯ ಶಾಸನದ ಭಾಗವಿದೆ. ಸ್ವಮತವನ್ನು ಹೊಗಳಿ ಪರಮತವನ್ನು ಹಳಿಯಬಾರದೆಂಬುದೇ ಆ ಶಾಸನದ ವಿಧಿ!

ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಿಂದ ಮಹಾಸ್ತೂಪವೊಂದು ಹೊರಬಂದಿತು. ಅಲ್ಲಿಯ ಶಾಸನಗಳಲ್ಲಿ ಅದಕ್ಕೆ ‘ಅಧೋಲೋಕ ಮಹಾಚೈತ್ಯ’ವೆಂದು ಹೆಸರು. ಶಿಲ್ಪಫಲಕವೊಂದರಲ್ಲಿ ಅರಸನು ರಾಣಿಯೊಡನೆಯೂ ಪರಿಚಾರಿಕೆಯರೊಡನೆಯೂ ನಿಂತಿದ್ದಾನೆ. ‘ರಾಜ ಅಶೋಕ’ನೆಂಬರ್ಥದ ಪ್ರಾಕೃತ ಬರಹವೂ ಇದೆ. ಹೆಸರು ಕೆತ್ತಿದ ಅಶೋಕನ ಶಿಲ್ಪ ಅತಿ ವಿರಳ. ಹೊರಡುವ ಮುನ್ನ ಆ ಹೆಸರಿನ ಮೂರು ಅಕ್ಷರಗಳನ್ನು ಬ್ರಾಹ್ಮಿಯಲ್ಲಿ ಬರೆದು ಕಲಿತುಕೊಳ್ಳಿರಿ.