ಮುಪ್ಪಿನ ಸೊರಗು: ಮೆಲ್ಲನೆಯ ವ್ಯಾಯಾಮ, ಅರೆದ ಕಾಳು



ಮುಪ್ಪು ರೋಗವಲ್ಲ. ಆದರೆ ಮುಪ್ಪಿನಲ್ಲಿ ಬರುವ ಸೊರಗು ಬೇರೆಯೇ ಒಂದು ಸ್ಥಿತಿ. ಯಾವ ಪ್ರಯತ್ನವೂ ಇಲ್ಲದೆ ವರ್ಷದೊಳಗೆ ನಾಲ್ಕೂವರೆ ಕಿಲೋ ತೂಕ ಇಳಿಯುವುದು, ಸದಾ ಆಯಾಸ, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಮೆಯಾಗುವುದು, ಈ ಐದರಲ್ಲಿ ಮೂರು ಕಂಡರೆ ಸೊರಗು ಹಿಡಿದಿದೆಯೆಂದು ತಿಳಿಯತಕ್ಕದ್ದು. ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಅವರ ಸಂಗಡಿಗರು ೨೦೦೧ರಲ್ಲಿ ಗೊತ್ತುಮಾಡಿದ ಲಕ್ಷಣಗಳಿವು. ಇಂಥವರು ಬಚ್ಚಲಲ್ಲಿ ಒಮ್ಮೆ ಜಾರಿ ಸೊಂಟದ ಮೂಳೆ ಮುರಿದುಕೊಂಡರೆ, ಅನೇಕರು ಮತ್ತೆ ಮೊದಲಿನಂತೆ ನಡೆಯಲಾರರು.

ಬೆಂಗಳೂರಿನ ಪಶ್ಚಿಮಕ್ಕಿರುವ ಲಗ್ಗೆರೆಯನ್ನೇ ನೋಡಿ. ಹಿಂದೆ ಅದು ಹೊಲಗಳಿದ್ದ ಹಳ್ಳಿ. ಪಕ್ಕದಲ್ಲಿ ಪೀಣ್ಯದ ಕಾರ್ಖಾನೆಗಳು ಎದ್ದವು, ಹೊರ ವರ್ತುಲ ರಸ್ತೆ ಬಂತು, ಹೊಲಗಳು ನಿವೇಶನಗಳಾದವು. ಕಳೆ ಕೀಳುತ್ತ ದಿನಕ್ಕೆ ನೂರು ಸಲ ಬಗ್ಗಿ ಏಳುತ್ತಿದ್ದವನಿಗೆ ಜಗುಲಿಯೇ ಗತಿಯಾಯಿತು. ಕೆಲಸ ತಪ್ಪಿದ ಮಾಂಸಖಂಡ ಸೊರಗದೆ ಇನ್ನೇನಾದೀತು? ನಿಮ್ಮ ಊರಿನಲ್ಲಿ ಹೊಲ ಉಳಿದಿರಬಹುದು. ಆದರೂ ‘ಅಪ್ಪಾ, ನೀನು ಸುಮ್ಮನೆ ಕೂತಿರು’ ಎಂದು ಮಕ್ಕಳು ಪ್ರೀತಿಯಿಂದ ಹೇಳಿದ ದಿನವೇ ಈ ಕಷ್ಟ ಮೊದಲಾಗುವುದುಂಟು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹಿರಿಯರು ಎದೆಯ ಮೇಲೆ ಕೈಕಟ್ಟಿ, ಕೈಯೂರದೆ, ಕುರ್ಚಿಯಿಂದ ಐದು ಸಲ ಎದ್ದು ಕೂರಲಿ. ಹದಿನೈದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕುಂದಿದೆ. ದಿನವೂ ಇದನ್ನೇ ಮಾಡುತ್ತ ಬಂದರೆ ಅದೇ ಒಳ್ಳೆಯ ವ್ಯಾಯಾಮ.

ಚೀನದೇಶದವರು ಮುದುಕರಿಗೆ ಒಪ್ಪುವ ಮೆಲ್ಲನೆಯ ವ್ಯಾಯಾಮಗಳನ್ನು ಬಹುಕಾಲದಿಂದ ರೂಢಿಸಿಕೊಂಡಿದ್ದಾರೆ. ತಾಯ್ ಚಿ ಒಂದು, ಬಾದ್ವಾನ್‌ಜಿನ್ ಇನ್ನೊಂದು. ಈ ಹೆಸರಿಗೆ ಎಂಟು ತುಂಡು ಜರತಾರಿ ಎಂದರ್ಥ, ಅಂದರೆ ಎಂಟೇ ಚಲನೆಗಳು. ಎರಡು ಕೈಯನ್ನೂ ಆಕಾಶಕ್ಕೆ ಎತ್ತುವುದು, ಬಿಲ್ಲು ಎಳೆದಂತೆ ಎಡಕ್ಕೂ ಬಲಕ್ಕೂ ತಿರುಗುವುದು, ಹಿಮ್ಮಡಿ ಎತ್ತಿ ಇಳಿಸುವುದು ಇವುಗಳಲ್ಲಿ ಸೇರಿವೆ. ಉಸಿರಿನ ಲಯಕ್ಕೆ ತಕ್ಕಂತೆ ನಿಧಾನವಾಗಿ ಮಾಡುವುದೇ ಇದರ ಗುಟ್ಟು. ಅಮೆರಿಕದ ಅಟ್ಲಾಂಟದಲ್ಲಿ ಎಪ್ಪತ್ತು ದಾಟಿದ ೨೦೦ ಮಂದಿಯನ್ನು ಮೂರು ಗುಂಪು ಮಾಡಿ ನಡೆಸಿದ ಪ್ರಯೋಗದಲ್ಲಿ, ೧೫ ವಾರ ತಾಯ್ ಚಿ ಕಲಿತವರು ಪದೇ ಪದೇ ಬೀಳುವ ಅಪಾಯ ಹೆಚ್ಚುಕಡಮೆ ಅರ್ಧಕ್ಕಿಳಿಯಿತೆಂದು ೧೯೯೬ರಲ್ಲಿ ವರದಿಯಾಯಿತು. ಹೊಸದಾಗಿ ಮಾಡುವವರು ಗೋಡೆ ಹಿಡಿದೇ ಮಾಡಲಿ. ಮೂಳೆ ಸವೆದವರು ಪಾದ ಮುಟ್ಟುವಂತೆ ಬಗ್ಗುವ ಚಲನೆಯನ್ನು ಬಿಡಬೇಕು. ಎದೆನೋವು, ತಲೆಸುತ್ತು ಬಂದರೆ ಆಗಲೇ ನಿಲ್ಲಿಸಿ ವೈದ್ಯರಿಗೆ ತೋರಿಸತಕ್ಕದ್ದು.

ಇನ್ನು ಊಟದ ವಿಚಾರ. ಇದರಲ್ಲೇ ನಾವು ಹೆಚ್ಚು ಎಡವುವುದು. ಹಲ್ಲಿಲ್ಲದ ಅಜ್ಜಿ ಮುದ್ದೆಯನ್ನು ಬಸ್ಸಾರಿನಲ್ಲಿ ಅದ್ದಿ ನುಂಗುತ್ತಾಳೆ. ಬಸಿದ ಕಾಳಿನ ಪಲ್ಯ ಹುಡುಗರ ಪಾಲು. ಹೊಟ್ಟೆ ತುಂಬಿತು, ಆದರೆ ಮಾಂಸಖಂಡ ಕಟ್ಟುವ ಸಸಾರಜನಕ ಅವಳಿಗೆ ಸಿಗಲಿಲ್ಲ. ಐವತ್ತು ಕಿಲೋ ತೂಗುವ ವೃದ್ಧರಿಗೆ ದಿನಕ್ಕೆ ಐವತ್ತು ಗ್ರಾಮಿನಷ್ಟು ಸಸಾರಜನಕ ಬೇಕು. ಇನ್ನೂರು ಗ್ರಾಂ ರಾಗಿ ಹಿಟ್ಟಿನಿಂದ ಸುಮಾರು ೧೪ ಗ್ರಾಂ, ಐವತ್ತು ಗ್ರಾಂ ಹುರುಳಿಯಿಂದ ೧೧, ಅರ್ಧ ಲೀಟರು ಹಾಲು ಮೊಸರಿನಿಂದ ೧೬, ಒಂದು ಮೊಟ್ಟೆಯಿಂದ ೬. ಒಂದಿಷ್ಟು ಅನ್ನವೂ ಸೇರಿದರೆ ಲೆಕ್ಕ ತುಂಬಿತು. ಮೊಟ್ಟೆ ತಿನ್ನದವರು ಬೇಳೆ ಹೆಚ್ಚಿಸಲಿ. ಕಾಳನ್ನು ಮೆತ್ತಗೆ ಬೇಯಿಸಿ ಅರೆದು ಸಾರಿಗೇ ಬೆರೆಸಿದರೆ ಹಲ್ಲಿನ ಹಂಗಿಲ್ಲ.

ಡಬ್ಬಿಯ ಪುಡಿ, ಸೀಸೆಯ ಟಾನಿಕ್ಕಿಗೆ ಹಣ ಸುರಿಯುವ ಮುಂಚೆ ಒಂದು ಸಂಗತಿ ಕೇಳಿ. ಬಾಸ್ಟನ್ನಿನಲ್ಲಿ ಸರಾಸರಿ ೮೭ ವಯಸ್ಸಿನ ನೂರು ಮಂದಿ ಆಶ್ರಮವಾಸಿಗಳ ಮೇಲೆ ಹತ್ತು ವಾರ ನಡೆದ ಪ್ರಯೋಗದ ಫಲ ೧೯೯೪ರಲ್ಲಿ ಪ್ರಕಟವಾಯಿತು. ಭಾರದ ವಿರುದ್ಧ ಕಾಲಿಗೆ ಕೆಲಸ ಕೊಟ್ಟವರ ಬಲ ಇಮ್ಮಡಿಗಿಂತ ಹೆಚ್ಚಿತು. ವ್ಯಾಯಾಮವಿಲ್ಲದೆ ಪೌಷ್ಟಿಕ ಪಾನೀಯವನ್ನಷ್ಟೇ ಕುಡಿದವರ ದುರ್ಬಲತೆ ಇಳಿಯಲಿಲ್ಲ. ಮೂತ್ರಪಿಂಡದ ಕಾಯಿಲೆಯಿದ್ದವರಂತೂ ವೈದ್ಯರನ್ನು ಕೇಳದೆ ಸಸಾರಜನಕದ ಪುಡಿ ಮುಟ್ಟಬಾರದು. ಬಿ೧೨ ಮತ್ತು ಡಿ ಜೀವಸತ್ವಗಳ ಮಾತು ಬೇರೆ. ಶುದ್ಧ ಸಸ್ಯಾಹಾರಿಗಳಲ್ಲೂ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬಹುಕಾಲ ನುಂಗಿದವರಲ್ಲೂ ಬಿ೧೨ ಕಡಮೆಯಾಗುವುದುಂಟು. ಆಸ್ಪತ್ರೆಗೆ ಹೋಗುವಾಗ ನುಂಗುತ್ತಿರುವ ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ರಕ್ತ ಪರೀಕ್ಷೆ ಬೇಕೇ ಎಂದು ಕೇಳಿ.