ಹಳೇ ಯೆಜ್ಡಿಯಲ್ಲಿ ಪೆಟ್ರೋಲ್ ಸೋರುತ್ತಿದೆಯೇ? ಹಂತ ಹಂತವಾಗಿ ನೀವೇ ನಿಲ್ಲಿಸಿ

ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಯೆಜ್ಡಿ ಕೊಂಡು ಮನೆಗೆ ತಂದಿದ್ದೀರಿ. ಬೆಳಗ್ಗೆ ನೋಡಿದರೆ ಇಂಜಿನ್ ಕೆಳಗೆ ಒದ್ದೆ, ಸುತ್ತ ಪೆಟ್ರೋಲ್ ವಾಸನೆ. ಭಯಪಡಬೇಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಎಷ್ಟೇ ಹೊಸದೆಂದರೂ ನಿಮ್ಮ ಗಾಡಿಗೆ ಸುಮಾರು ಮೂವತ್ತು ವರ್ಷ. ವಾಷರ್, ಪೈಪ್ ಒಣಗಿರುತ್ತವೆ. ಕಂಪನಿ ಪಾರ್ಟ್ ಸಿಗುವುದು ಅಪರೂಪ. ಅಂಗಡಿಯಲ್ಲಿ ಸಿಗುವ ಲೋಕಲ್ ಪಾರ್ಟನ್ನೇ ನೋಡಿ ಆರಿಸಿ, ಸರಿಯಾಗಿ ಕೂರಿಸಿದರೆ ಸೋರಿಕೆ ನಿಲ್ಲುತ್ತದೆ.

1. ಗಾಡಿಯನ್ನು ಬಯಲಿಗೆ ತನ್ನಿ. ಇಂಜಿನ್ ಪೂರ್ತಿ ತಣ್ಣಗಾಗಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಹಾಗಾಗಿ ಬೇಸ್‌ಮೆಂಟ್ ಬೇಡವೇ ಬೇಡ. ಹತ್ತಿರದಲ್ಲಿ ದೀಪ, ಊದುಬತ್ತಿ, ಸಿಗರೇಟ್ ಯಾವುದೂ ಇರಬಾರದು. ಒಂದು ಬಕೆಟ್ ಒಣ ಮರಳು ಪಕ್ಕದಲ್ಲಿಡಿ.

2. ಸೋರುವ ಜಾಗ ಹುಡುಕಿ. ಹೊಸಬರು ಎಡವುವುದು ಇಲ್ಲೇ. ಹನಿ ಬೀಳುವ ಜಾಗ ಬೇರೆ, ಸೋರಿಕೆ ಶುರುವಾಗುವ ಜಾಗ ಬೇರೆ. ಟ್ಯಾಂಕ್ ಕೆಳಗಿನ ಕಾಕ್, ಪೈಪ್, ಕಾರ್ಬುರೇಟರ್ ಮೂರನ್ನೂ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಮುಖಕ್ಕೆ ಹಚ್ಚುವ ಪೌಡರ್ ತೆಳ್ಳಗೆ ಉದುರಿಸಿ, ಕಾಕ್ ಆನ್ ಮಾಡಿ ಹತ್ತು ನಿಮಿಷ ಕಾಯಿರಿ. ಬಿಳಿ ಪೌಡರ್ ನಡುವೆ ಕಪ್ಪು ಗೆರೆಯೊಂದು ಮೂಡುತ್ತದೆ. ಗೆರೆಯ ಮೇಲ್ತುದಿ ಎಲ್ಲಿದೆಯೋ ಸೋರಿಕೆ ಅಲ್ಲಿಂದಲೇ. ಅದು ಕಾರ್ಬುರೇಟರ್‌ನಿಂದ ಶುರುವಾಗಿದ್ದರೆ ಹೊಸ ಕಾಕ್ ಹಾಕಿ ಪ್ರಯೋಜನವಿಲ್ಲ, ಫ್ಲೋಟ್ ಪಿನ್ ನೋಡಬೇಕು. ಇನ್ನೊಂದು ಮಾತು: ಜಿಕಾವ್ ಕಂಪನಿಯ ಕಾರ್ಬುರೇಟರ್‌ನ ಟಿಕ್ಲರ್ ಗುಂಡಿ ಒತ್ತಿದಾಗ ಪೆಟ್ರೋಲ್ ಉಕ್ಕುವುದು ಸಹಜ, ಅದು ಸೋರಿಕೆಯಲ್ಲ.

3. ಗೆರೆ ಕಾಕ್‌ನಿಂದ ಶುರುವಾಗಿದೆಯೇ? ಟ್ಯಾಂಕ್ ಖಾಲಿ ಮಾಡಿ. ಪೈಪ್ ತುದಿಯನ್ನು ಪೆಟ್ರೋಲ್ ಕ್ಯಾನ್‌ಗೆ ಬಿಟ್ಟು, ಕಾಕನ್ನು ರಿಸರ್ವ್‌ಗೆ ತಿರುಗಿಸಿ. ಬಾಯಲ್ಲಿ ಎಳೆಯಬೇಡಿ. ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ.

4. ಹಳೇ ಕಾಕ್ ಬಿಚ್ಚಿ. ಅಳತೆಗೆ ಸರಿಯಾದ ಸ್ಪ್ಯಾನರ್ ಹಾಕಿ. ಕಟಿಂಗ್ ಪ್ಲೈಯರ್‌ನಲ್ಲಿ ತಿರುಗಿಸಿದರೆ ನಟ್‌ನ ಮೂಲೆ ಸವೆಯುತ್ತದೆ.

5. ಹಳೆಯದನ್ನು ಜೊತೆಗೊಯ್ದು ಹೊಸದು ಕೊಳ್ಳಿ. ಕೌಂಟರ್‌ನಲ್ಲೇ ಪರೀಕ್ಷೆ ಮಾಡಿ: ಲಿವರ್ ಆಫ್ ಮಾಡಿ, ಪೈಪ್ ಕೂರುವ ತುದಿಯಿಂದ ಜೋರಾಗಿ ಊದಿ. ಸ್ವಲ್ಪ ಗಾಳಿ ಹೋದರೂ ಆ ಕಾಕ್ ಬೇಡ. ಸಂಕೋಚ ಬೇಡ, ಇನ್ನೊಂದು ಕೇಳಿ. ಕಾಕ್ ಜೊತೆ ಬರುವ ವಾಷರ್ ತೆಳ್ಳಗಿದ್ದರೆ ಒಳ್ಳೆಯ ಫೈಬರ್ ವಾಷರ್ ಬೇರೆಯಾಗಿ ಕೊಳ್ಳಿ.

6. ಮೊದಲು ಬರಿ ಬೆರಳಲ್ಲಿ ತಿರುಗಿಸಿ. ಮೂರ್ನಾಲ್ಕು ಸುತ್ತು ಸಲೀಸಾಗಿ ಹೋಗಬೇಕು. ಲೋಕಲ್ ಕಾಕ್‌ನ ಥ್ರೆಡ್ ಒರಟಾಗಿದ್ದರೆ ನಡುವೆ ಸಿಕ್ಕಿಕೊಳ್ಳುತ್ತದೆ. ಆಗ ಬಲ ಹಾಕಿದರೆ ಹಾಳಾಗುವುದು ಟ್ಯಾಂಕ್‌ನ ಥ್ರೆಡ್. ಕಾಕ್ ಇನ್ನೊಂದು ಸಿಗುತ್ತದೆ, ಟ್ಯಾಂಕ್ ಸಿಗುವುದು ಕಷ್ಟ.

7. ಸ್ಪ್ಯಾನರ್‌ನಲ್ಲಿ ಹದವಾಗಿ ಟೈಟ್ ಮಾಡಿ. ವಾಷರ್ ಒತ್ತಿಕೊಂಡರೆ ಸಾಕು, ಜಜ್ಜಬೇಡಿ. ಹೊರಗಿನಿಂದ ಎಂ-ಸೀಲ್ ಮೆತ್ತಬೇಡಿ. ದಾರಿಯಲ್ಲಿ ಸೋರಿದರೆ ಹಳಬರು ಬಾರ್ ಸೋಪ್ ತಿಕ್ಕಿ ಮನೆ ಸೇರುತ್ತಿದ್ದರು. ಅದು ಆ ಹೊತ್ತಿನ ಉಪಾಯ ಅಷ್ಟೇ.

8. ಹೊಸ ಪೈಪ್ ಹಾಕಿ. ಪೆಟ್ರೋಲ್‌ಗೆಂದೇ ಮಾಡಿದ ಪೈಪ್ ಕೇಳಿ. ತುದಿಯನ್ನು ಬಿಸಿನೀರಲ್ಲಿ ಅದ್ದಿದರೆ ಸುಲಭವಾಗಿ ಏರುತ್ತದೆ. ಎರಡೂ ಕಡೆ ಕ್ಲಿಪ್ ಮರೆಯಬೇಡಿ. ಪೈಪ್ ಸಿಲಿಂಡರ್‌ಗೆ ತಾಗದಿರಲಿ.

9. ಟ್ಯಾಂಕ್‌ಗೆ ಅರ್ಧ ಲೀಟರ್ ಮಾತ್ರ ಹಾಕಿ, ಕೆಳಗೆ ಹಳೇ ಪೇಪರ್ ಹಾಸಿ ರಾತ್ರಿಯಿಡೀ ಬಯಲಲ್ಲೇ ಬಿಡಿ. ಯೆಜ್ಡಿ ಟು-ಸ್ಟ್ರೋಕ್ ಗಾಡಿ, ಪೆಟ್ರೋಲ್‌ನಲ್ಲಿ ಆಯಿಲ್ ಬೆರೆತಿರುತ್ತದೆ. ಪೆಟ್ರೋಲ್ ಆರಿಹೋದರೂ ಪೇಪರ್ ಮೇಲೆ ಎಣ್ಣೆ ಕಲೆ ಉಳಿಯುತ್ತದೆ. ಬೆಳಗ್ಗೆ ಪೇಪರ್ ಸ್ವಚ್ಛವಾಗಿದ್ದರೆ ನಿಮ್ಮ ಕೆಲಸ ಗೆದ್ದಿತು.

ಪೌಡರ್‌ನ ಗೆರೆ ಟ್ಯಾಂಕ್‌ನ ತಗಡಿನಿಂದಲೇ ಇಳಿದಿದ್ದರೆ ತುಕ್ಕು ಹಿಡಿದು ತೂತಾಗಿದೆ ಎಂದರ್ಥ. ಖಾಲಿ ಟ್ಯಾಂಕ್‌ನಲ್ಲೂ ಆವಿ ಇರುತ್ತದೆ, ವೆಲ್ಡಿಂಗ್ ಕಿಡಿ ತಾಗಿದರೆ ಸಿಡಿಯುತ್ತದೆ. ಆ ಒಂದು ಕೆಲಸವನ್ನು ಮಾತ್ರ ಟ್ಯಾಂಕ್ ರಿಪೇರಿ ಬಲ್ಲವರ ಕೈಗೆ ಕೊಡಿ.